ಮಲಗುವ ಕಾರಿಗೆ ಎಣ್ಣೆಸ್ನಾನ

“ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ, ಆಡಿದ ಮಾತು ಅಳಿಸಿಹೋಗುತ್ತದೆಯೇ ಗುರುಗಳೇ?” ಎಂದು ಕಮಲಾಕ್ಷಿ ಕೇಳಿದಳು.

ಮಾರನೆಯ ದಿನ ಚಾತುರ್ಮಾಸ್ಯ ಶುರು. ಆ ನಾಲ್ಕು ತಿಂಗಳೂ ಮೌನವ್ರತ ಹಿಡಿಯುವುದಕ್ಕೆ ಅಪ್ಪಣೆ ಕೇಳಲು ಅವಳು ಮಠಕ್ಕೆ ಬಂದಿದ್ದಳು. ಯಾವ ಮಾತು ಎಂದು ಗುರುಗಳು ಕೇಳಿದರು. ಅವಳು ಮುಚ್ಚಿಡಲಿಲ್ಲ. ಮಗಳ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಕಮಲಾಕ್ಷಿಯ ತಂಗಿ ಮಗುವನ್ನು ಎತ್ತಿಕೊಳ್ಳಲು ಬಗ್ಗಿದ್ದಳು. “ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಬೇಕು. ಹೆರದವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು!” ಎಂದು ಇವಳು ಹತ್ತು ಜನರ ಮುಂದೆ ಅಂದುಬಿಟ್ಟಳು. ತಂಗಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಊಟಕ್ಕೂ ನಿಲ್ಲದೆ ಹೊರಟುಹೋದಳು. ಎರಡು ತಿಂಗಳಿಂದ ಫೋನಿಲ್ಲ.

“ವ್ರತ ಮುಗಿಸಿ, ಮನಸ್ಸು ತಿಳಿಯಾದ ಮೇಲೆ ಹೋಗಿ ಮಾತನಾಡಿಸುತ್ತೇನೆ. ಈಗ ಹೋದರೆ ಇಬ್ಬರಿಗೂ ಬಿಸಿ ಆರಿಲ್ಲ.”

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬನ ಹತ್ತಿರ ಒಂದು ಬಿಳಿಯ ಕಾರಿತ್ತು. ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ಆ ಊರಿನ ಮದುಮಗಳೆಂದರೆ ಅದರಲ್ಲೇ ಕೂತು ಛತ್ರಕ್ಕೆ ಬರಬೇಕು. ಅವನಿಗೂ ಒಬ್ಬಳು ಮಗಳಿದ್ದಳು. ಊರ ಹೆಣ್ಣುಮಕ್ಕಳೆಲ್ಲ ಕೂತ ಕಾರಿನಲ್ಲಿ ತನ್ನ ಮಗಳೂ ಒಂದು ದಿನ ಕೂರಬೇಕು, ಇಷ್ಟೇ ಅವನ ಆಸೆ. ಅವಳಿಗೂ ಮದುವೆ ಗೊತ್ತಾಯಿತು. ಆದರೆ ಆ ಸೀಮೆಯಲ್ಲಿ ಆಷಾಢ ಹಿಡಿಯಿತೆಂದರೆ ತುಳಸಿಪೂಜೆಯವರೆಗೆ ಮದುವೆಯಿಲ್ಲ, ಮಳೆಯೂ ಬಿಡುವುದಿಲ್ಲ. ಅಲ್ಲಿಯವರೆಗೆ ಕಾರು ಶೆಡ್ಡಿನಲ್ಲಿ ನಿಲ್ಲಬೇಕು.

ಆ ಸಲದ ಕೊನೆಯ ಮದುವೆ ಮುಗಿಸಿ ಬಂದವನಿಗೆ ಮೆಕ್ಯಾನಿಕ್ ಹೇಳಿದ: “ಯಜಮಾನರೇ, ಎಂಜಿನ್ ಆಯಿಲ್ ಡಾಂಬರಿನ ಹಾಗಾಗಿದೆ. ಬದಲಾಯಿಸಿ ನಿಲ್ಲಿಸಿ.”

“ಅಲ್ಲಯ್ಯಾ, ಎಣ್ಣೆಸ್ನಾನ ಮಾಡಿಸುವುದು ಹಸೆಮಣೆಗೆ ಹೊರಟವಳಿಗೋ, ಮಲಗುವುದಕ್ಕೆ ಹೊರಟವಳಿಗೋ? ತೆಗೆಯುವ ದಿನ ಹಾಕಿಸುತ್ತೇನೆ.”

“ಈಗ ಎಂಜಿನ್ ಬಿಸಿಯಿದೆ. ಈಗ ಇಳಿಸಿದರೆ ಆಯಿಲ್ ಜೊತೆಗೆ ಕೊಳೆಯೂ ಬರುತ್ತದೆ. ಆರಿದರೆ ತಳ ಹಿಡಿದು ಕೂತುಬಿಡುತ್ತದೆ.”

“ಕೂರಲಿ ಬಿಡು. ಸುಮ್ಮನೆ ಕೂತದ್ದು ಏನು ಮಾಡೀತು?”

ಅವನೇನೂ ಸೋಮಾರಿಯಲ್ಲ. ಕಾರನ್ನು ಎರಡು ಸಲ ತೊಳೆದ. ಮೇಣ ಹಚ್ಚಿ ಉಜ್ಜಿದ. ಸೀಟುಗಳ ಸಂದಿಯಲ್ಲಿ ನುಸಿಗುಳಿಗೆ ಇಟ್ಟ. ಮೇಲೊಂದು ಹೊದಿಕೆ ಹೊದಿಸಿದ. ವಾರಕ್ಕೊಮ್ಮೆ ಹೊದಿಕೆ ಎತ್ತಿ, ಮೈ ಒರೆಸಿ, ಮತ್ತೆ ಹೊದಿಸುತ್ತಿದ್ದ. ಕಾರು ಹೊಳೆಯುತ್ತಿತ್ತು. ನೋಡಿದವರು ಹೊಗಳಿದರು.

ತುಳಸಿಪೂಜೆ ಕಳೆಯಿತು. ಮದುವೆಯ ಹಿಂದಿನ ದಿನ, ಹೇಳಿದ ಮಾತಿಗೆ ತಪ್ಪದೆ, ಹೊಸ ಆಯಿಲ್ ಹಾಕಿಸಿದ. ಬೆಳಗ್ಗೆ ಕಾರಿಗೆ ಹೂವಿನ ಹಾರ ಕಟ್ಟಿ ಮಗಳನ್ನು ಕೂರಿಸಿದ. ಛತ್ರದ ದಾರಿಯಲ್ಲಿ ಒಂದು ಏರು. ಏರು ಹತ್ತುವಾಗ ಎಂಜಿನ್ನಿನೊಳಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಎದ್ದಿತು. ನಡು ಏರಿನಲ್ಲಿ ಕಾರು ನಿಂತಿತು. ಮುಹೂರ್ತಕ್ಕೆ ಕಾಲು ಗಂಟೆ. ಹಿಂದಿನಿಂದ ಬಂದ ಆಟೋದಲ್ಲಿ ಮದುಮಗಳು ಯಾರದೋ ಕೋಸಿನ ಮೂಟೆಯ ಪಕ್ಕ ಕೂತು ಛತ್ರ ಸೇರಿದಳು. ಅಪ್ಪ ಏರಿನಲ್ಲೇ ನಿಂತಿದ್ದ.

ಆಮೇಲೆ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಒಂದು ಬೇರಿಂಗ್ ತೆಗೆದು ಅವನ ಅಂಗೈಯಲ್ಲಿಟ್ಟ. ಗೆದ್ದಲು ಹಿಡಿದ ಹಲಗೆಯ ಹಾಗೆ ಅದರ ಮೈಯೆಲ್ಲ ಕುಳಿ.

“ಹಿಂದಿನ ದಿನವಷ್ಟೇ ಹೊಸ ಆಯಿಲ್ ಹಾಕಿಸಿದ್ದೆನಲ್ಲಯ್ಯಾ! ನಾಲ್ಕು ತಿಂಗಳು ಒಂದು ಗಜವೂ ಓಡಿಲ್ಲ. ಓಡದ ಕಾರು ಹೇಗೆ ಸವೆಯಿತು?”

“ಓಡಿ ಸವೆದದ್ದಲ್ಲ ಯಜಮಾನರೇ. ಆ ಹೊಲಸು ಆಯಿಲ್ ಒಳಗೇ ಹುಳಿ ಬಂದು, ಕೂತಲ್ಲೇ ಕೂತು ತಿಂದಿದೆ. ನೀವು ಹೊರಗೆ ಒರೆಸುತ್ತಿದ್ದಿರಿ.”

ಗುರುಗಳು ಕತೆ ನಿಲ್ಲಿಸಿದರು.

ಕಮಲಾಕ್ಷಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಕಾರು ಆಮೇಲೆ ಸರಿಹೋಯಿತೇ?” ಎಂದು ಕೇಳಿದಳು.

“ಕಾರಿನ ವಿಚಾರ ಬಿಡು ತಾಯಿ; ನಿನ್ನ ಮೌನ ನಾಳೆ ಬೆಳಗ್ಗೆಯಿಂದ, ತಂಗಿಯ ಊರಿಗೆ ಬಸ್ಸು ಇವತ್ತು ಮೂರು ಗಂಟೆಗೆ.”