ಬಾಗಿಲಲ್ಲಿ ಹೇಳುವ ಹೆಸರು

"ಗುರುಗಳೇ, ನಮ್ಮ ನಾಡಿನ ಹೆಸರಿಗೆ ಬೆಳಕು ಎಂಬರ್ಥವೆಂದು ಕೆಲವು ಪಂಡಿತರು, ಭತ್ತ ಎಂಬರ್ಥವೆಂದು ಕೆಲವರು ವಾದಿಸುತ್ತಾರೆ. ಜನರಾದರೋ ಅರ್ಥದ ಗೊಡವೆಗೆ ಹೋಗದೆ ದಿನವಿಡೀ ಆ ಹೆಸರನ್ನು ಬಳಸುತ್ತಾರೆ. ಅದರಿಂದ ಕೆಡುಕೇನಾದರೂ ಉಂಟೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ನಾಡಿನಲ್ಲಿ ಬಾಗಿಲು ತಟ್ಟಿದವನು ತನ್ನ ಹೆಸರನ್ನೂ ಊರನ್ನೂ ಹೇಳುವುದು ವಾಡಿಕೆಯಾಗಿತ್ತು. ಒಮ್ಮೆ ಅರಸನ ಆಳುಗಳು ಬಂದರು. "ಯಾರು?" ಎಂದು ಕೇಳಿದರೆ ನಾಡಿನ ಹೆಸರನ್ನು ಹೇಳಿದರು. ಜನ ಬಾಗಿಲು ತೆರೆದರು. ನಾಡೇ ಬಂದು ನಿಂತಾಗ ಅದರ ಮುಖ ನೋಡಬಾರದೆಂದು ಆಳುಗಳು ಕಲಿಸಿದರು. ಅಂದಿನಿಂದ ಮನೆಯವರು ತಲೆ ತಗ್ಗಿಸಿ, ಇದ್ದುದನ್ನು ಮೊರದಲ್ಲಿಟ್ಟು ಹೊಸ್ತಿಲಾಚೆ ಚಾಚತೊಡಗಿದರು.

ಆ ವೇಳೆಗೆ ಒಬ್ಬ ನೇಕಾರ ಸೀರೆ ಮಾರಲು ದೂರದ ಸಂತೆಗಳಿಗೆ ಹೋಗಿದ್ದ. ಮನೆಯಲ್ಲಿ ಹೆಂಡತಿಯೂ ಹಸುಗೂಸೂ ಇದ್ದರು. ಆಳುಗಳು ಬಂದು ಮಗ್ಗವನ್ನು ಬಿಚ್ಚಿಕೊಂಡು ಹೋದರು. ಬಳಿಕ ವ್ಯಾಪಾರಿಯೊಬ್ಬ ಅದೇ ಹೆಸರು ಹೇಳಿ ನೂಲನ್ನು ಒಯ್ದ. ನೆರೆಮನೆಯವಳೂ ಅದನ್ನೇ ಹೇಳಿ, ಬಾಗಿಲು ತೆರೆದೊಡನೆ ನಕ್ಕಳು: "ಹೆಪ್ಪಿಗೆ ಚೂರು ಮಜ್ಜಿಗೆ ಬೇಕಿತ್ತು ಕಣೇ. ನನ್ನ ಹೆಸರು ಹೇಳಿದ್ದರೆ ನೀನು ಏಳುತ್ತಿದ್ದೆಯಾ?"

ಬರಬರುತ್ತಾ, ತನ್ನ ಹೆಸರನ್ನು ಹೇಳಿಕೊಂಡು ಬರುವವನು ಕಳ್ಳನೇ ಇರಬೇಕೆಂದು ಜನ ನಂಬಿದರು.

ನೇಕಾರ ಹಿಂದಿರುಗಿದ್ದು ನಡುಹಗಲಿನಲ್ಲಿ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಮಗ್ಗದ ಸದ್ದೂ ಇರಲಿಲ್ಲ. ಅವನು ತನ್ನ ಮನೆಯ ಬಾಗಿಲು ತಟ್ಟಿದ.

"ನಾನು ಕಣೇ, ಬಾಗಿಲು ತೆಗಿ."

"ನಾನು ಎಂದವರಿಗೆ ಇಲ್ಲಿ ಬಾಗಿಲು ತೆಗೆಯುವುದಿಲ್ಲ."

"ಗಂಡನ ದನಿಯೂ ಮರೆತುಹೋಯಿತೇನೇ?"

"ಈಗ ಎಲ್ಲ ದನಿಯೂ ಒಂದೇ."

ಅವನು ತನ್ನ ಹೆಸರು ಹೇಳಿದ. ಅವಳ ತವರಿನ ಹೆಸರು ಹೇಳಿದ. ಅಗುಳಿ ಕದಲಲಿಲ್ಲ. ದಾರಿಹೋಕನೊಬ್ಬ, "ಊರಿಗೆ ಹೊಸಬನೇನಯ್ಯಾ? ನಾಡಿನ ಹೆಸರು ಹೇಳು, ತೆಗೆಯುತ್ತಾಳೆ" ಎಂದು ನಡೆದುಬಿಟ್ಟ.

ನೇಕಾರ ಹೇಳಿದ.

ಅಗುಳಿ ಸರಿಯಿತು. ತಲೆ ತಗ್ಗಿಸಿದ್ದ ಹೆಂಡತಿ ಮೊರವನ್ನು ಚಾಚಿ, "ಇನ್ನೇನೂ ಉಳಿದಿಲ್ಲ, ಒಡೆಯಾ" ಎಂದಳು. ಅವನು ಕೈಯೊಡ್ಡಿದ. ಬಾಗಿಲು ಮುಚ್ಚಿತು. ಮೊರದಲ್ಲಿ ಅವನ ಮಗು ಮಲಗಿತ್ತು.

ಅವನು ತನ್ನ ಹೆಸರನ್ನು ಕೂಗಿಕೊಂಡು ಬಾಗಿಲು ಬಡಿದ. ಬಾಗಿಲು ತೆರೆಯಲಿಲ್ಲ. ಆ ಇನ್ನೊಂದು ಹೆಸರನ್ನು ಮತ್ತೆ ಹೇಳಿದರೆ ಬಾಗಿಲು ತೆರೆಯುತ್ತದೆ, ಆದರೆ ಈ ಸಲ ಅವಳು ತನ್ನನ್ನೇ ಒಪ್ಪಿಸಲು ಬರುತ್ತಾಳೆ ಎಂಬುದು ಅವನಿಗೆ ಹೊಳೆಯಿತು. ಅವನು ಬಾಯಿ ಮುಚ್ಚಿಕೊಂಡು ತನ್ನ ಮನೆಯ ಹೊರಗೆ ನಿಂತ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

"ಆದರೆ ನೇಕಾರ ಸುಳ್ಳಾಡಲಿಲ್ಲ" ಎಂದ ಶಿಷ್ಯ. "ಅವನು ಆ ನಾಡಿನವನೇ ಅಲ್ಲವೇ?"

"ಆ ಬಾಗಿಲು ತಟ್ಟಿದವರಲ್ಲಿ ಹೊರನಾಡಿನವನು ಒಬ್ಬನಾದರೂ ಇದ್ದನೇ?"