ಏಟು ತಿನ್ನಲು ಕಲಿತ ನಾಯಕ

ಶಿಷ್ಯ ಕೇಳಿದ: "ಗುರುಗಳೇ, ವಾದದಲ್ಲಿ ನಾನು ಇದುವರೆಗೆ ಯಾರಿಗೂ ಸೋತಿಲ್ಲ. ಇನ್ನು ನಾನು ಕಲಿಯಬೇಕಾದದ್ದು ಏನಿದೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸಿನಿಮಾ ನಟನಿದ್ದ. ಹೊಡೆದಾಟದ ಚಿತ್ರಗಳಲ್ಲಿ ಅವನಿಗೆ ಸರಿಸಾಟಿಯಾದವರಿರಲಿಲ್ಲ. ಅವನು ಕೈ ಎತ್ತಿದರೆ ಹತ್ತು ಜನ ನೆಲಕ್ಕುರುಳುತ್ತಿದ್ದರು. ಒಮ್ಮೆ ಅವನಿಗೆ ಬೇರೆ ಬಗೆಯ ಪಾತ್ರ ಬಂತು. ರಾಜಕೀಯದ ಕತೆ, ಅವನದು ಮಂತ್ರಿಯ ಪಾತ್ರ. ಪಕ್ಷದ ನಾಯಕ ಒಬ್ಬ ಯುವಕನನ್ನು ಕೊಲ್ಲಿಸಿದ್ದಾನೆ. ಮಂತ್ರಿಗೆ ಅದು ಗೊತ್ತು, ಆದರೂ ಬಾಯಿ ಬಿಟ್ಟಿಲ್ಲ. ಕೊನೆಗೊಂದು ದಿನ ಆ ಯುವಕನ ತಾಯಿಯ ಮುಂದೆ ಹೋಗಿ ನಿಲ್ಲುತ್ತಾನೆ. ಆಕೆ ಅವನ ಕೆನ್ನೆಗೆ ಹೊಡೆಯುತ್ತಾಳೆ. ಆ ಏಟು ತಿಂದ ಮೇಲೆ ಅವನು ಸತ್ಯ ಹೇಳಲು ಹೊರಡುತ್ತಾನೆ. ಇಡೀ ಚಿತ್ರದಲ್ಲಿ ಹೊಡೆದಾಟವೇ ಇಲ್ಲ.

ನಟ ಆಸೆಪಟ್ಟು ಒಪ್ಪಿಕೊಂಡ. ಆದರೆ ಆ ದೃಶ್ಯ ತೆಗೆಯುವಾಗ ತೊಡಕಾಯಿತು. ತಾಯಿಯ ಪಾತ್ರದ ಮುದುಕಿ ಕೈ ಎತ್ತಿದ ಕೂಡಲೇ ಇವನ ಕೈ ತಾನಾಗಿ ಅಡ್ಡ ಬರುತ್ತಿತ್ತು. ಎಷ್ಟು ಸಲ ತೆಗೆದರೂ ಅಷ್ಟೇ. ನಿರ್ದೇಶಕ ಬೇಸತ್ತು, "ನಾಳೆಯೂ ಹೀಗೇ ಆದರೆ ಪಾತ್ರ ಬೇರೆಯವರಿಗೆ ಹೋಗುತ್ತದೆ" ಎಂದ.

ಅಂದು ಮಧ್ಯಾಹ್ನ ನಟನಿಗೆ ಊಟ ಸೇರಲಿಲ್ಲ. ಯೋಚಿಸಿ ಯೋಚಿಸಿ, ತನ್ನ ಚಿತ್ರಗಳಲ್ಲಿ ಏಟು ತಿನ್ನುತ್ತಿದ್ದ ಫೈಟರುಗಳ ಗರಡಿಗೆ ಹೋದ. "ಏಟು ತಿನ್ನುವುದನ್ನು ನನಗೆ ಹೇಳಿಕೊಡಿ" ಎಂದ.

ಅವರು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಹಿರಿಯನೊಬ್ಬ ಹೇಳಿದ: "ಅಣ್ಣಾ, ಇಷ್ಟು ವರ್ಷ ನೀವು ಹೊಡೆದದ್ದು ಗಾಳಿಗೆ. ನಾವು ಬಿದ್ದೆವು, ಅದಕ್ಕೇ ಅದು ಏಟಾಯಿತು."

ನಟನಿಗೂ ನಗು ತಡೆಯಲಾಗಲಿಲ್ಲ. ಅಂಗಿ ಕಳಚಿ ಮಣ್ಣಿಗಿಳಿದ. ಅವರು ಒಬ್ಬರಾದ ಮೇಲೆ ಒಬ್ಬರು ಹೊಡೆದರು, ಅವನು ಮೇಲಿಂದ ಮೇಲೆ ಬಿದ್ದ. ಬಿದ್ದಾಗಲೆಲ್ಲ ಅವರೇ ಸಿಳ್ಳೆ ಹಾಕಿದರು. ಸಂಜೆಯ ಹೊತ್ತಿಗೆ ಮೈಯೆಲ್ಲ ಮಣ್ಣು, ಮನಸ್ಸು ಅರಳೆಯಷ್ಟು ಹಗುರ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಮುದ್ದೆ ಉಂಡರು.

ಮರುದಿನ ಮುದುಕಿ ಕೈ ಎತ್ತಿದಳು. ಅವನ ಕೈ ಕದಲಲಿಲ್ಲ. ಏಟು ಬಿತ್ತು, ಕಣ್ಣು ತುಂಬಿತು. ನಿರ್ದೇಶಕ "ಕಟ್" ಎನ್ನುವುದನ್ನೇ ಮರೆತ.

ಚಿತ್ರ ತೆರೆಕಂಡ ದಿನ ನಟ ಆ ಫೈಟರುಗಳ ಜೊತೆ ಹಿಂದಿನ ಸಾಲಿನಲ್ಲಿ ಕೂತ. ಏಟಿನ ದೃಶ್ಯ ಬಂದಾಗ ಚಿತ್ರಮಂದಿರದಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಚಿತ್ರ ಮುಗಿದು ದೀಪ ಹತ್ತಿದಾಗ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಟ ಪಕ್ಕದಲ್ಲಿದ್ದ ಹಿರಿಯನನ್ನು ಬಾಚಿ ತಬ್ಬಿಕೊಂಡ.

ಶಿಷ್ಯನಿಗೆ ಕತೆ ಹಿಡಿಸಿತು. "ಚೆನ್ನಾಗಿದೆ ಗುರುಗಳೇ. ಆದರೆ ಅವನೆದುರು ಬೀಳುತ್ತಿದ್ದವರು ಬೇಕೆಂದೇ ಬೀಳುತ್ತಿದ್ದರು. ನನ್ನೆದುರು ವಾದಿಸಿದವರು ನಿಜವಾಗಿಯೇ ಸೋತರು" ಎಂದ.

ಗುರುಗಳು ನಕ್ಕು, "ಅವರಲ್ಲಿ ನಾನೂ ಒಬ್ಬನಲ್ಲವೇ, ಮಗು?" ಎಂದರು.