ನೈವೇದ್ಯದ ಅಡುಗೆಯವಳು

ತಪಾಸಣಾ ಶಿಬಿರಗಳಲ್ಲಿ ಕೆಲಸ ಮಾಡುತ್ತಿದ್ದ ಶಿಷ್ಯೆಯೊಬ್ಬಳು ಗುರುವನ್ನು ಕೇಳಿದಳು: “ಗುರುಗಳೇ, ಮುಟ್ಟು ನಿಂತ ಹೆಂಗಸರನ್ನು ಪರೀಕ್ಷೆಗೆ ಕರೆಯುತ್ತೇವೆ. ಬರುತ್ತಾರೆ. ರಕ್ತದೊತ್ತಡ ನೋಡಲು ತೋಳು ಚಾಚುತ್ತಾರೆ, ಸಕ್ಕರೆ ನೋಡಲು ಬೆರಳು ಕೊಡುತ್ತಾರೆ. ಬಾಯಿಬಿಟ್ಟು ಹೇಳಬೇಕಾದದ್ದನ್ನು ಮಾತ್ರ ಹೇಳುವುದಿಲ್ಲ. ಹೇಳದವರನ್ನು ಉಳಿಸುವುದು ಹೇಗೆ?”

ಗುರು ಹೇಳಿದರು:

ಒಂದು ಊರಿನ ಗುಡಿಯಲ್ಲಿ ನೈವೇದ್ಯದ ಅಡುಗೆಯನ್ನು ಮುಟ್ಟು ನಿಂತ ಹೆಂಗಸರೇ ಮಾಡಬೇಕೆಂಬ ಕಟ್ಟಳೆ ಇತ್ತು. ಒಬ್ಬ ವಿಧವೆ ಆ ಕೆಲಸಕ್ಕೆ ಸೇರಿದಳು. ಹರೆಯದಿಂದಲೂ ತಿಂಗಳಿಗೊಮ್ಮೆ ಹೊರಗೆ ಕೂತು, ದೂರದಿಂದ ಇಟ್ಟ ಅನ್ನ ಉಂಡವಳು ಅವಳು. ಈಗ ಅವಳು ಬೇಯಿಸಿದ ಅನ್ನಕ್ಕೆ ಊರೇ ಕೈಯೊಡ್ಡುತ್ತಿತ್ತು. ಆ ಒಲೆಯ ಮುಂದೆ ಮೊದಲ ಸಲ ತಾನು ಬೇಕಾದವಳು ಅನ್ನಿಸಿತು.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ಅವಳು ಸೀರೆ ಒಗೆದಳು, ಮತ್ತೆ ಮಿಂದಳು, ಅಡುಗೆಗೆ ಹೋದಳು. ಮುಂದಿನ ವಾರ ಮತ್ತೆ ಕಂಡಿತು. ಹೇಳಿದರೆ ಒಲೆ ಕೈತಪ್ಪುತ್ತಿತ್ತು. ಅಷ್ಟು ದಿನ ದೇವರಿಗಿಟ್ಟದ್ದೆಲ್ಲ ಮೈಲಿಗೆಯಾಯಿತೆಂದು ಊರೂ ತಿರುಗಿಬೀಳುತ್ತಿತ್ತು.

ಆಗ ಊರಿಗೆ ದಾದಿ ಬಂದಳು. ಗುಡಿಯ ಜಗಲಿಯ ಮೇಲೆ ಮೇಜು ಹಾಕಿದರು. ಹೆಂಗಸರು ಸಾಲಾಗಿ ನಿಂತರು. ಅಡುಗೆಯವಳ ಹಿಂದೆ ಅವಳ ಜೊತೆಯ ಅಡುಗೆಯವರು, ಅವರ ಹಿಂದೆ ಪೂಜಾರಿಯ ಹೆಂಡತಿ.

ದಾದಿ ಒತ್ತಡ ನೋಡಿದಳು, ಸಕ್ಕರೆ ನೋಡಿದಳು. ಆಮೇಲೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಅವಳನ್ನೂ ಕೇಳಿದಳು: “ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗಿದೆಯೇನಮ್ಮ?”

ಹಿಂದಿನಿಂದ ಒಬ್ಬಳು ನಕ್ಕಳು. “ಅವಳನ್ನೇನು ಕೇಳುತ್ತೀರಿ ಸಿಸ್ಟರ್? ಹಾಗಾಗಿದ್ದರೆ ನಾವು ತಿಂದದ್ದನ್ನೆಲ್ಲ ಕಕ್ಕಬೇಕಾಗುತ್ತದೆ.”

ಸಾಲೆಲ್ಲ ನಕ್ಕಿತು. ಅಡುಗೆಯವಳೂ ನಕ್ಕಳು.

ದಾದಿ ನಗಲಿಲ್ಲ. “ಒಂದು ಹನಿಯಾದರೂ ಹೇಳಿಬಿಡಿ. ಗರ್ಭಕೋಶದಲ್ಲಿ ಕ್ಯಾನ್ಸರ್ ಇದ್ದರೂ ಹಾಗಾಗಬಹುದು. ಬೇಗ ಗೊತ್ತಾದರೆ ಬಹಳ ಮಂದಿ ಗುಣವಾಗುತ್ತಾರೆ.”

ನಗು ನಿಂತಿತು. ಎಲ್ಲರೂ ಅಡುಗೆಯವಳನ್ನೇ ನೋಡುತ್ತಿದ್ದರು. ಸೀರೆಯೊಳಗೆ ಇಟ್ಟುಕೊಂಡ ಬಟ್ಟೆ ಒದ್ದೆಯಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು.

“ಇಲ್ಲ,” ಅಂದಳು.

ದಾದಿ ಮುಂದಿನವಳನ್ನು ಕರೆದಳು.

ಮರುವರ್ಷದ ಸುಗ್ಗಿಯ ಹೊತ್ತಿಗೆ ಅವಳಿಗೆ ಅನ್ನದ ತಪ್ಪಲೆ ಇಳಿಸಲು ಆಗಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ರೋಗ ಹರಡಿತ್ತು. ನೋಡಲು ಬಂದ ದಾದಿ ಮಂಚದ ಬಳಿ ಕೂತು ಕೇಳಿದಳು: “ಅವತ್ತು ಒಂದು ಮಾತು ಹೇಳಬಾರದಿತ್ತೇ, ಅಮ್ಮ?”

“ಹೇಳಬೇಕೆಂದೇ ಬಂದಿದ್ದೆ ಮಗಳೇ,” ಅಂದಳು ಅವಳು. “ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಒಳಗೊಳಗೇ ಹೇಳಿಕೊಳ್ಳುತ್ತಾ ನಡೆದಿದ್ದೆ.”

ಅವಳು ಉಳಿಯಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯೆ, “ಅಷ್ಟು ಬಿಡಿಸಿ ಕೇಳಿದರೂ ಇಲ್ಲ ಅಂದಳಲ್ಲ. ನಾನೂ ಹಾಗೆಯೇ ಬಿಡಿಸಿ ಕೇಳುತ್ತೇನೆ, ಗುರುಗಳೇ,” ಅಂದಳು.

ಗುರು ಕೇಳಿದರು: “ನೀನು ಕೇಳುವಾಗ ಅವರ ಬೆನ್ನ ಹಿಂದೆ ಯಾರು ನಿಂತಿರುತ್ತಾರೆ?”